ನಂಬರ್ ಬಸಣ್ಣನ ಒಂದು ಗೇಣು

ಹೆದ್ದಾರಿ ಕೆಲಸದಲ್ಲಿ ಹೆಚ್ಚು ಕಳುವಾಗುವ ಸಾಮಾನು ಯಾವುದೆಂದು ಯಾರನ್ನಾದರೂ ಕೇಳಿ ನೋಡಿ. ಡೀಸೆಲ್ ಅಂತಾರೆ, ಕಬ್ಬಿಣ ಅಂತಾರೆ. ಸರ್ವೆಯವನನ್ನು ಕೇಳಿದರೆ ಮಾತ್ರ ಕಲ್ಲು ಅನ್ನುತ್ತಾನೆ. ನಾನು ಸರ್ವೆಯವನು.

ರಾಜಧಾನಿಯ ಕಡೆಯಿಂದ ಬಂದು ರಾಜ್ಯದ ಗಡಿಯತ್ತ ಹೋಗುವ ರಸ್ತೆಯನ್ನು ಅಗಲ ಮಾಡುವ ಕೆಲಸ ನಡೆದಿತ್ತು. ನಮ್ಮ ಪಾಲಿಗೆ ಬಂದದ್ದು ಬಳ್ಳಾರಿ ದಾಟಿ ಸಿರುಗುಪ್ಪದ ಕಡೆಗೆ ಹೋಗುವ ತುಣುಕು. ಕ್ಯಾಂಪು ಕೊಳಗಲ್ಲಿನ ಹತ್ತಿರ. ಕೆಲಸ ಶುರುವಾಗುವ ಮೊದಲು ರಸ್ತೆಯ ಪಕ್ಕ ಅರ್ಧ ಅರ್ಧ ಕಿಲೋಮೀಟರಿಗೆ ಒಂದೊಂದು ಕಲ್ಲು ನೆಟ್ಟು, ಅದರ ತಲೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಅದಕ್ಕೆ ಬೆಂಚ್‌ಮಾರ್ಕ್ ಎಂದು ಹೆಸರು. ಮುಂದೆ ರಸ್ತೆ, ಮೋರಿ, ಸೇತುವೆ ಏನೇ ಕಟ್ಟಿದರೂ ಎತ್ತರ ತಗ್ಗಿನ ಮಾತೆಲ್ಲ ಆ ಕಲ್ಲಿನಿಂದಲೇ ಹೊರಡಬೇಕು. ಕಲ್ಲು ಹೋಯಿತೆಂದರೆ ಎರಡು ದಿನದ ಕೆಲಸ ಹೋಯಿತು.

ಮೊದಲ ತಿಂಗಳಲ್ಲೇ ಮೂರು ಕಲ್ಲು ಹೋದವು. ಒಂದು ಚಹದಂಗಡಿಯ ಮುಂದೆ ಕೂರುವ ಆಸನವಾಗಿ ಸಿಕ್ಕಿತು. ಇನ್ನೊಂದರ ಮೇಲೆ ಹೆಣ್ಣುಮಗಳೊಬ್ಬಳು ಬಟ್ಟೆ ಒಗೆಯುತ್ತಿದ್ದಳು. ಮೂರನೆಯದು ಸಿಗಲೇ ಇಲ್ಲ. ನನ್ನ ಜೊತೆ ಸ್ಟಾಫ್ ಹಿಡಿಯುವವರೊಬ್ಬರು ಇದ್ದರು. ಸ್ಟಾಫ್ ಅಂದರೆ ಅಂಕಿ ಬರೆದ ಉದ್ದನೆಯ ಅಳತೆ ಪಟ್ಟಿ. ಅವರು ಅದನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು, ನಾನು ದೂರದಿಂದ ಲೆವೆಲ್ ಯಂತ್ರದಲ್ಲಿ ಓದಬೇಕು. ನನಗಿಂತ ಹದಿನೈದು ವರ್ಷ ದೊಡ್ಡವರು, ಹಚ್ಚೊಳ್ಳಿ ಕಡೆಯವರು, ರಸ್ತೆ ಕೆಲಸದಲ್ಲೇ ತಲೆ ನರೆತವರು. ನಾಲ್ಕನೆಯ ಕಲ್ಲು ನೆಡುವಾಗ ಅವರೇ ಉಪಾಯ ಹೇಳಿದರು.

“ಸಾರ್, ಮ್ಯಾಲೆ ಒಂದೀಟು ಅರಿಶಿಣ ಕುಂಕುಮ ಹಚ್ಚಿಬಿಡೂಣ. ಯಾರ್ ಮುಟ್ತಾರ ನೋಡೂಣಂತ.”

“ಅಣ್ಣಾ, ಇದು ಬೆಂಚ್‌ಮಾರ್ಕ್ ಐತಿ. ನಿಮ್ಮೂರ ದ್ಯಾವರಲ್ಲ.”

“ಬೋರ್ಡ್ ಹಚ್ಚಿದ್ರ ಯಾರ್ ಓದ್ತಾರ್ರೀ? ಕುಂಕುಮ ಎಲ್ಲಾರ್ಗೂ ಓದಾಕ ಬರತೈತಿ.”

ನಾನು ನಕ್ಕು, ಆಗಲಿ ಅಂದೆ. ಕಲ್ಲಿಗೆ ಕೆಂಪು ಬಣ್ಣದಲ್ಲಿ ನಂಬರನ್ನೂ ಲೆವೆಲ್ಲನ್ನೂ, ಅಂದರೆ ಎತ್ತರದ ಅಂಕಿಯನ್ನೂ ಬರೆದೆವು, ಅದರ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಮಾರನೆಯ ದಿನ ಹೋಗಿ ನೋಡಿದರೆ ಯಾರೋ ಎರಡು ಕಣಗಿಲೆ ಹೂವು ಇಟ್ಟಿದ್ದರು. ವಾರದೊಳಗೆ ಅದಕ್ಕೊಂದು ಹೆಸರೂ ಆಯಿತು, ನಂಬರ್ ಬಸಣ್ಣ. ಆಮೇಲೆ ಆ ತುಣುಕಿನಲ್ಲಿ ನೆಟ್ಟ ಕಲ್ಲಿಗೆಲ್ಲ ಹಾಗೇ ಮಾಡಿದೆವು. ಒಂದೂ ಕಳುವಾಗಲಿಲ್ಲ. ಕ್ಯಾಂಪಿನಲ್ಲಿ ಈ ಕತೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದವನು ನಾನೇ.

ಚಳಿಗಾಲ ಮುಗಿಯುವ ಹೊತ್ತಿಗೆ ನನ್ನನ್ನು ಕುರುಗೋಡಿನ ಕಡೆಗೆ ಕಳಿಸಿದರು. ಜಲ್ಲಿ ಕ್ರಷರಿನಿಂದ ಟಿಪ್ಪರುಗಳು ಬರುವ ದಾರಿಯ ಅಳತೆ ಆಗಬೇಕಿತ್ತು. ಸ್ಟಾಫ್ ಹಿಡಿಯುವ ಅಣ್ಣನೂ ಜೊತೆಗೇ ಬಂದರು. ನಾಲ್ಕೈದು ತಿಂಗಳು ಅಲ್ಲಿ ಧೂಳು ಕುಡಿದೆವು. ಬಸಣ್ಣನ ಸುದ್ದಿ ಮರೆತಿತ್ತು.

ಜೂನ್‌ನಲ್ಲಿ ಮ್ಯಾನೇಜರಿಂದ ಫೋನ್ ಬಂತು. ಬಸಣ್ಣನ ಕಲ್ಲಿನ ಹತ್ತಿರ ಒಂದು ಸಣ್ಣ ಕಾಲುವೆ ರಸ್ತೆಯ ಕೆಳಗೆ ದಾಟುತ್ತದೆ. ಹಳೆಯ ಕಲ್ಲಿನ ಮೋರಿ ಕಿತ್ತು, ಅಗಲವಾದ ಹೊಸ ರಸ್ತೆಗೆ ಸರಿಯಾಗಿ ಎರಡು ಸಾಲು ಸಿಮೆಂಟ್ ಪೈಪು ಹಾಕಬೇಕು. ಕಾಲುವೆ ಬಂದ್ ಇರುವಾಗಲೇ ಆಗಬೇಕು. ನೀರು ಬಿಡುವುದಕ್ಕೆ ಮೂರು ವಾರ ಉಳಿದಿತ್ತು. ನೀರು ಬಂದಮೇಲೆ ಅಲ್ಲಿ ಯಾರೂ ಸಲಿಕೆ ಹಾಕುವಂತಿಲ್ಲ. ರಸ್ತೆಯ ಆಚೆ ಕಾಲುವೆಯ ಕೊನೆಯ ಗದ್ದೆಗಳಿದ್ದವು, ಅವಕ್ಕೆ ಬೇರೆ ನೀರಿಲ್ಲ.

ನಾವು ಹೋಗಿ ನೋಡಿದರೆ ಬಸಣ್ಣನ ಸುತ್ತ ಸುಣ್ಣ ಬಳಿದ ಹೊಸ ಕಟ್ಟೆ. ಗರಸು ಮಣ್ಣು ಹಾಕಿ ಸುತ್ತಲಿನ ನೆಲ ಸಮ ಮಾಡಿದ್ದರಿಂದ ಹಳೆಯ ನೆಲ ಎಷ್ಟು ಕೆಳಗಿತ್ತೆಂದು ಮುಂದಿನಿಂದ ತಿಳಿಯುತ್ತಿರಲಿಲ್ಲ. ಕಲ್ಲು ಮೊದಲು ಎಷ್ಟು ಕಾಣುತ್ತಿತ್ತೋ ಅಷ್ಟೇ ಕಾಣುತ್ತಿತ್ತು. ಸುಣ್ಣ ಬಳಿದವರು ನಮ್ಮ ನಂಬರಿನ ಮೇಲೆ ಒಂದು ಹನಿ ಬೀಳದ ಹಾಗೆ ಜೋಪಾನ ಮಾಡಿದ್ದರು. ನಾನು ಕೇಳಬೇಕಾದ್ದನ್ನು ಕೇಳಿದೆ.

“ಅಣ್ಣಾ, ಕಲ್ಲು ಅಲುಗಾಡಿರಬೌದೇನು?”

“ಏನ್ ಮಾತ್ರೀ ಸಾರ್. ದ್ಯಾವರನ್ನ ಯಾರ್ ಅಲುಗಾಡಸ್ತಾರ?”

ಅವರು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, “ಶಿವಾ, ತಪ್ಪಾತು” ಅಂದುಕೊಂಡು ಬಸಣ್ಣನ ತಲೆಯ ಮೇಲೆ ಪಟ್ಟಿ ನಿಲ್ಲಿಸಿದರು. ನಾನು ಓದಿ ಬರೆದುಕೊಂಡೆ.

ಇಲ್ಲಿ ನನ್ನ ಕಸುಬಿನ ಒಂದು ನಿಯಮ ಹೇಳಬೇಕು. ಒಂದೇ ಕಲ್ಲನ್ನು ನಂಬಿ ಕೆಲಸ ಹೊರಡಬಾರದು. ಒಂದರಿಂದ ಹೊರಟು ಇನ್ನೊಂದಕ್ಕೆ ಮುಟ್ಟಿ, ಎರಡೂ ಒಂದೇ ಮಾತು ಹೇಳುತ್ತವೋ ಇಲ್ಲವೋ ನೋಡಬೇಕು. ಮುಂದಿನ ಕಲ್ಲು ಅರ್ಧ ಕಿಲೋಮೀಟರ್ ಆಚೆ ಇತ್ತು, ಅದರ ಮೇಲೆ ಯಾವನೋ ಟಿಪ್ಪರಿನವನು ಒಂದು ಲೋಡು ಮಣ್ಣು ಸುರಿದು ಹೋಗಿದ್ದ. ತೆಗೆಸಲು ಜೆಸಿಬಿ ಬೇಕು, ಜೆಸಿಬಿ ಮೋರಿ ಕೀಳುತ್ತಿತ್ತು. ನಾಳೆ ನೋಡಿದರಾಯಿತು ಅಂದೆ. ಮಾರನೆಯ ದಿನವೂ ಅದನ್ನೇ ಅಂದೆ.

ಕೆಲಸ ಚೆನ್ನಾಗಿ ಓಡಿತು. ಎರೆಮಣ್ಣು ತೆಗೆದು ಗರಸು ತುಂಬಿ, ಅದರ ಮೇಲೆ ಕಾಂಕ್ರೀಟಿನ ಹಾಸು, ಹಾಸಿನ ಮೇಲೆ ಕ್ರೇನಿನಿಂದ ಒಂದೊಂದೇ ಪೈಪು ಇಳಿಸಿ ಕೂರಿಸಿದೆವು. ಪ್ರತಿ ದಿನ ಬೆಳಿಗ್ಗೆ ಮೊದಲ ಕೆಲಸ ಬಸಣ್ಣನ ಮೇಲೆ ಪಟ್ಟಿ ಇಡುವುದು. ರಸ್ತೆಯ ಆಚೆಯ ಕೊನೆಯ ಗದ್ದೆಯ ಅವ್ವ ದಿನವೂ ಅದನ್ನು ನೋಡುತ್ತಿದ್ದಳು. ಐವತ್ತೈದರ ಮೇಲಿನ ವಯಸ್ಸು, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಸದಾ ಸಲಿಕೆ. ಗಂಡ ತೀರಿದ ಮೇಲೆ ನೀರು ಹಾಯಿಸುವುದು, ನಾಟಿ ಮಾಡಿಸುವುದು ಎಲ್ಲ ಆಕೆಯದೇ.

“ದಿನಾ ಬಸಣ್ಣಗ ಕೈ ಮುಗದು ಕೆಲಸ ಚಾಲೂ ಮಾಡ್ತೀರಿ. ಛಲೋ ಮಂದಿ ಅದೀರಿ” ಅಂದಳು ಒಂದು ಸಲ. ನಾವು ಇಬ್ಬರೂ ನಕ್ಕೆವು.

ಕನ್ಸಲ್ಟೆಂಟ್ ಕಡೆಯ ಇಂಜಿನಿಯರ್ ಬಂದು, ಅವನ ಯಂತ್ರದಲ್ಲಿ ಅದೇ ಬಸಣ್ಣನಿಂದ ತಾಳೆ ನೋಡಿ, ಎರಡು ಮಿಲಿಮೀಟರಿನಷ್ಟೇ ವ್ಯತ್ಯಾಸ ಎಂದು ಮೆಚ್ಚಿ ಸಹಿ ಹಾಕಿದ. ಮೇಲೆ ಮಣ್ಣು ಬಿತ್ತು, ರೋಲರ್ ಓಡಿತು. ಎಂಟು ದಿನದಲ್ಲಿ ಮುಗಿಯಿತು. ನೀರು ಬಿಡಲು ಇನ್ನೂ ಹದಿಮೂರು ದಿನ ಇದ್ದವು.

ಒಂಬತ್ತನೆಯ ದಿನ ಬೆಳಿಗ್ಗೆ ಅವ್ವ ಒಣಗಿದ ಕಾಲುವೆಯಲ್ಲಿ ಇಳಿದು ಪೈಪಿನ ಬಾಯಿಯ ಮುಂದೆ ಕೂತಿದ್ದಳು. ನನ್ನನ್ನು ಕರೆದಳು.

“ಸಾರ್, ಇದು ಎತ್ತರ ಆಗೇತಿ.”

“ಇಲ್ಲವ್ವಾ. ಯಂತ್ರ ಹಚ್ಚಿ ನೋಡೀವಿ.”

“ಯಂತ್ರದ ಸುದ್ದಿ ನನಗ ಗೊತ್ತಿಲ್ರಿ. ಇಲ್ಲಿ ಬರ್ರಿ.”

ಕಾಲುವೆಯ ಪಕ್ಕದಲ್ಲಿ ಹಳೆಯ ಕಲ್ಲಿನ ಗೋಡೆ ಸ್ವಲ್ಪ ಉಳಿದಿತ್ತು. ಅದರ ಮೇಲೆ ಒಣಗಿದ ಪಾಚಿಯ ಗೆರೆ. ಆಕೆ ಅದನ್ನು ತೋರಿಸಿದಳು.

“ನಮ್ಮ ಟೇಲೆಂಡಿಗೆ ಬರೂದ ಇಷ್ಟ ನೀರು. ಕಾಲುವಿ ತಳದಿಂದ ಒಂದ್ ಗೇಣು. ನಿಮ್ಮ ಪೈಪಿನ ತಳ ಎಲ್ಲೈತಿ ನೋಡ್ರಿ.”

ಪೈಪಿನ ತಳ ಪಾಚಿಯ ಗೆರೆಗೆ ಸಮವಾಗಿತ್ತು. ನಾನು ಗೋಡೆ ಕುಸಿದಿರಬಹುದು ಅಂದೆ, ಕಾಲುವೆಯ ತಳ ಕೊರೆದಿರಬಹುದು ಅಂದೆ. ಕುಣಿಯಲು ಬಾರದವಳು ಅಂಗಳ ಡೊಂಕು ಅಂದಳಂತಲ್ಲ, ಹಾಗಿತ್ತು ನನ್ನ ಮಾತು. ಆಕೆ, “ನೀವು ಓದಿದಾರು ಅದೀರಿ. ಇನ್ನೊಮ್ಮಿ ನೋಡ್ರಿ” ಎಂದಷ್ಟೇ ಹೇಳಿ ಸಲಿಕೆ ಎತ್ತಿಕೊಂಡು ಹೋದಳು.

ಅವತ್ತೇ ಜೆಸಿಬಿ ಒಯ್ದು ಆಚೆಯ ಕಲ್ಲಿನ ಮೇಲಿನ ಮಣ್ಣು ತೆಗೆಸಿದೆ. ಅದರಿಂದ ಹೊರಟು, ನಡುವೆ ಆರು ಕಡೆ ಯಂತ್ರ ನಿಲ್ಲಿಸಿ ಬಸಣ್ಣನಿಗೆ ಮುಟ್ಟಿದೆ. ಪುಸ್ತಕದಲ್ಲಿ ಇರಬೇಕಾದ್ದಕ್ಕಿಂತ ಬಸಣ್ಣ ಇಪ್ಪತ್ತೆರಡು ಸೆಂಟಿಮೀಟರ್ ಎಂಟು ಮಿಲಿಮೀಟರ್ ಮೇಲಿದ್ದ. ವಾಪಸು ಅಳೆದೆ. ಊಟ ಬಿಟ್ಟು ಮತ್ತೊಂದು ಕಲ್ಲಿನಿಂದ ಅಳೆದೆ. ಅದೇ ಬಂತು. ಕಲ್ಲು ಮೇಲೆದ್ದಿದೆ, ಅದು ಕೆಳಗೇ ಇದೆ ಎಂದು ನಂಬಿ ಅಳೆದ ಪೈಪು ಅಷ್ಟೇ ಮೇಲೆ ಹೋಗಿ ಕೂತಿದೆ.

“ಎಷ್ಟ್ ಬಂತ್ರಿ ಸಾರ್?” ಅಂದರು ಅಣ್ಣ.

“ಒಂದ್ ಗೇಣು.”

ಅವರು ಪಟ್ಟಿಯನ್ನು ಮಡಚಲಿಲ್ಲ, ಹಿಡಿದುಕೊಂಡೇ ನಿಂತರು. ನನಗೆ ಸಿಟ್ಟು ಬರಬೇಕಿತ್ತು, ಹೆದರಿಕೆಯಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟಾಗ ದವಡೆ ಇರುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಯಂತ್ರ ಒರೆಸಿ ಡಬ್ಬಿಗೆ ಹಾಕಿದೆ, ಲೆವೆಲ್ ಪುಸ್ತಕದಲ್ಲಿ ತಾರೀಖು ಹಾಕಿ ಗೆರೆ ಎಳೆದೆ. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು.

ಕಟ್ಟೆ ಕಟ್ಟಿಸಿದವರು ಯಾರೆಂದು ಹುಡುಕುವುದು ಕಷ್ಟವಾಗಲಿಲ್ಲ. ಅವ್ವನ ಹತ್ತಿರವೇ ಕೇಳಿದೆ, ಯಾವ ಕಾರಣಕ್ಕೆ ಎಂದು ಹೇಳದೆ.

“ನಾನ ಕಟ್ಟಿಸೀನ್ರಿ” ಅಂದಳು ಸಂತೋಷದಿಂದ. “ಬರೀ ನೆಲದಾಗ ಇದ್ದ. ಎಮ್ಮಿ ಬಂದು ಸಗಣಿ ಹಾಕ್ತಿದ್ವು. ರಸ್ತಿ ದೊಡ್ಡದಾದ್ರೂ ನಮ್ಮ ಕಡೀ ಗದ್ದಿಗೆ ನೀರು ತಪ್ಪಬಾರದಂತ ಬೇಡ್ಕೊಂಡಿದ್ದೆ. ಶಿವರಾತ್ರಿ ಮುಂದ ಮೈದುನನ್ನ ಕರ್ಕೊಂಡು, ಬಸಣ್ಣನ್ನ ಒಂದ್ ಗೇಣು ಎತ್ತಿ ಕುಂದ್ರಿಸಿ, ಸಿಮೆಂಟ್ ಹಾಕಿಸಿದ್ವಿ. ಭಕ್ತಿಲೆ ಎತ್ತೀವ್ರಿ, ಒಂದ್ ಚೂರೂ ಮುಕ್ಕಾಗಿಲ್ಲ.”

ಛಲೋ ಆತವ್ವಾ ಅಂದೆ. ಮತ್ತೇನು ಅನ್ನಲಿ?

ಮ್ಯಾನೇಜರು ಆಂಧ್ರದ ಕಡೆಯವರು. ಕೆಟ್ಟವರಲ್ಲ, ಹೆದ್ದಾರಿಯಲ್ಲೇ ಆಯುಷ್ಯ ಕಳೆದವರು. ಡಬ್ಬದಂಥ ಆಫೀಸಿನಲ್ಲಿ ಕೂರಿಸಿಕೊಂಡು, ಅವ್ವ ಕಲ್ಲು ಎತ್ತಿಸಿದ ಸುದ್ದಿ ಕೇಳಿ, ನನ್ನ ಅಳತೆಯನ್ನೆಲ್ಲ ನೋಡಿದರು. ನೋಡಿ ಸುಮ್ಮನೆ ಕಣ್ಣು ಉಜ್ಜಿಕೊಂಡರು.

“ಎಂದುಕಯ್ಯಾ, ಯಾಕೆ ಒಡೀಬೇಕು? ಸಹಿ ಆಗಿಹೋಗಿದೆ. ಕಾಗದದಲ್ಲಿ ಎಲ್ಲ ಸರಿ ಇದೆ.”

“ನೀರು ಹೋಗಂಗಿಲ್ಲ ಸಾರ್.”

“ಮೇಲಿನ ಕಡೆ ಏರಿ ಎತ್ತರಿಸಿದರೆ?”

“ನೀರು ಹಿಂದಕ್ಕೆ ನಿಂತು ಮೇಲಿನವರ ಗದ್ದೆ ಮುಳುಗತಾವ. ಅವರು ರಾತ್ರೋರಾತ್ರಿ ಏರಿ ಒಡೀತಾರ.”

ಅವರು ನನ್ನ ಲೆವೆಲ್ ಪುಸ್ತಕ ಮುಚ್ಚಿದರು. ಆಮೇಲೆ ದಾರಿ ಹೇಳಿದರು. ಅದು ಚೆನ್ನಾಗಿಯೇ ಇದ್ದ ದಾರಿ. ಊರಿನವರು ಬೆಂಚ್‌ಮಾರ್ಕ್ ಕಿತ್ತು ಸರಿಸಿದ್ದಾರೆ ಎಂದು ನಾನು ಬರೆದುಕೊಡಬೇಕು. ಯಾರು ಸರಿಸಿದರು ಎನ್ನುವ ಹೆಸರು ಹಾಕಬೇಕು. ಪೊಲೀಸ್ ಠಾಣೆಗೊಂದು ಅರ್ಜಿ. ಆಗ ಒಡೆದು ಕಟ್ಟುವುದು ಕಂಪನಿಯ ತಪ್ಪಾಗುವುದಿಲ್ಲ, ನನ್ನ ತಪ್ಪೂ ಆಗುವುದಿಲ್ಲ. ಪೈಪು ಕೆಳಗಿಳಿಯುತ್ತದೆ, ನೀರು ಹೋಗುತ್ತದೆ.

“ಆಕೆಯನ್ನ ಜೈಲಿಗೇನೂ ಹಾಕಲ್ಲ. ಒಂದು ಸಲ ಕರೆಸಿ ಮಾತಾಡಿ ಬಿಡ್ತಾರೆ, ಅಷ್ಟೇ. ಸುಳ್ಳು ಬರಿ ಅಂತಲೂ ನಾನು ಹೇಳ್ತಿಲ್ಲ” ಅಂದರು.

ಹೌದು, ಸುಳ್ಳಲ್ಲ. ಕಲ್ಲು ಎತ್ತಿದ್ದು ಆಕೆಯೇ.

ಮಧ್ಯಾಹ್ನ ಸರ್ವೆಯ ಶೆಡ್ಡಿನಲ್ಲಿ ಕಾಗದ ಮುಂದಿಟ್ಟುಕೊಂಡು ಕೂತೆ. ಅಣ್ಣ ಬಾಗಿಲಿನಲ್ಲಿ ಕೂತು ಬೀಡಿ ಸೇದುತ್ತಿದ್ದರು. ಕೇಳಿದರೆ ದೊಡ್ಡ ತಳಮಳ ಆಗಿರಬೇಕು ಅನ್ನಿಸಬಹುದು. ಆಗಲಿಲ್ಲ. ಹೊಟ್ಟೆಯಲ್ಲಿ ಅನ್ನ ಇತ್ತು, ಫ್ಯಾನು ತಿರುಗುತ್ತಿತ್ತು. ನಾನು ಯೋಚಿಸಿದ್ದು ಒಂದೇ: ಅವ್ವ ಸಲಿಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಠಾಣೆಯ ಬೆಂಚಿನ ಮೇಲೆ ಕೂತಿರುತ್ತಾಳೆ. ದೇವರನ್ನು ಎತ್ತಿದ್ದಕ್ಕೆ ಯಾಕೆ ಕರೆಸಿದ್ದಾರೆಂದು ಆಕೆಗೆ ತಿಳಿಯುವುದಿಲ್ಲ. ಅದನ್ನು ದೇವರು ಮಾಡಿದವರು ನಾವು ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

“ಅಣ್ಣಾ, ಕುಂಕುಮ ಹಚ್ಚಿದ್ದು ಯಾರು?”

“ನಾನ್ರಿ ಸಾರ್” ಅಂದರು ತಲೆ ತಗ್ಗಿಸಿ.

“ಆಗಲಿ ಅಂದದ್ದು ನಾನು. ಇನ್ನೊಂದು ಕಲ್ಲು ನೋಡದ ಬಿಟ್ಟದ್ದೂ ನಾನು.”

ಮೂರು ಸಾಲು ಬರೆದೆ. ಒಂದೇ ಬೆಂಚ್‌ಮಾರ್ಕಿನಿಂದ ಲೆವೆಲ್ ಒಯ್ದೆ, ಮುಂದಿನದರ ಜೊತೆ ತಾಳೆ ನೋಡಲಿಲ್ಲ, ಪೈಪು 228 ಮಿಲಿಮೀಟರ್ ಎತ್ತರವಾಗಿದೆ. ಕಲ್ಲನ್ನು ಎತ್ತಿದವರ ಹೆಸರು ಬರೆಯಲಿಲ್ಲ. ಸಹಿ ಹಾಕಿ ಕೊಟ್ಟೆ. ಮ್ಯಾನೇಜರು ಓದಿ, “ಈ ಕೆಲಸ ಮುಗಿದ ಮೇಲೆ ನಿನ್ನನ್ನ ಇಲ್ಲಿ ಇಟ್ಟುಕೊಳ್ಳೋಕೆ ನನ್ನ ಕೈಲಿ ಆಗಲ್ಲ” ಅಂದರು. ಆಗಲಿ ಸಾರ್ ಅಂದೆ. ಅವರು ಚಹ ತರಿಸಿದರು, ಕುಡಿದೆವು.

ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ರೋಲರ್ ಓಡಿಸಿ ಗಟ್ಟಿ ಮಾಡಿದ ಮಣ್ಣನ್ನೇ ಮತ್ತೆ ಅಗೆಯಬೇಕು. ಕ್ರೇನು ಪೈಪು ಎತ್ತುವಾಗ ಎರಡು ಸೀಳಿದವು, ಬೇರೆ ಬರುವವರೆಗೆ ಒಂದೂವರೆ ದಿನ ಸುಮ್ಮನೆ ಕೂತೆವು. ಹಾಸಿನ ಕಾಂಕ್ರೀಟು ಎಷ್ಟು ಚೆನ್ನಾಗಿ ಆಗಿತ್ತೆಂದರೆ ಬ್ರೇಕರಿನ ಮೊನೆ ಎರಡು ಸಲ ಮುರಿಯಿತು. ನಮ್ಮ ಒಳ್ಳೆಯ ಕೆಲಸ ನಮಗೇ ಅಡ್ಡ ಬಂತು. ದಾರಿಹೋಕರು ಬೈಕು ನಿಲ್ಲಿಸಿ, “ನಿನ್ನೆ ಕಟ್ಟಿ ಇವತ್ತು ಒಡೀತಾರಲೇ” ಎಂದು ನಗುತ್ತಿದ್ದರು. ನಾನು ಆಚೆಯ ಕಲ್ಲಿನಿಂದ ಲೆವೆಲ್ ತಂದೆ, ಅದನ್ನು ಇನ್ನೆರಡು ಕಲ್ಲಿಗೆ ಮುಟ್ಟಿಸಿ ತಾಳೆ ನೋಡಿದೆ, ಬಸಣ್ಣನ ಕಡೆ ಹೋಗಲಿಲ್ಲ. ರಾತ್ರಿ ಕ್ಯಾಂಪಿಗೆ ಹೋದರೆ ಉಂಡು ಮಲಗುತ್ತಿದ್ದೆ. ಮಾತಾಡು ಅಂದರೆ ಮಾತಾಡುತ್ತಿದ್ದೆ.

ಕೊನೆಯ ಪೈಪು ಕೂತು ಮಣ್ಣು ಮುಚ್ಚುತ್ತಿದ್ದಾಗಲೇ ಕಾಲುವೆಗೆ ನೀರು ಬಿಟ್ಟರೆಂದು ಸುದ್ದಿ ಬಂತು. ಕೊನೆಯ ಗದ್ದೆಗೆ ಅದು ಮುಟ್ಟಲು ಮೂರು ದಿನ ಬೇಕು. ಮೂರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬಂತು. ಒಂದು ಗೇಣು ನೀರು. ಕಸ, ಒಂದು ಹವಾಯಿ ಚಪ್ಪಲಿ, ತೆಂಗಿನ ಚಿಪ್ಪು ತೇಲಿಸಿಕೊಂಡು ಬಂದು ಪೈಪಿನ ಬಾಯಿಗೆ ಮುಟ್ಟಿತು, ಒಳಗೆ ಹೋಯಿತು. ನಾವು ರಸ್ತೆ ದಾಟಿ ಆಚೆ ನಿಂತೆವು. ಸ್ವಲ್ಪ ಹೊತ್ತಿಗೆ ಮೊದಲು ಚಪ್ಪಲಿ ಹೊರಬಂತು, ಹಿಂದೆ ನೀರು. ಅವ್ವ ಸಲಿಕೆಯಿಂದ ಬದುವಿನ ಬಾಯಿ ಬಿಡಿಸಿದಳು. ಮಡಿಯೊಳಗೆ ನೀರು ಹರಡುವುದನ್ನು ಒಂದು ಗಳಿಗೆ ನೋಡಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ತೆಂಗಿನಕಾಯಿ ತೆಗೆದುಕೊಂಡು ಬಸಣ್ಣನ ಕಡೆ ನಡೆದಳು. ನಮ್ಮನ್ನೂ ಕರೆದಳು.

ಕಾಯಿ ಒಡೆದು ಹೋಳು ಕೊಡುತ್ತ ಕೇಳಿದಳು, “ಸಾರ್, ಎಷ್ಟ್ ಎತ್ತರ ಆಗಿತ್ತು ಪೈಪು?”

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, “ಒಂದ್ ಗೇಣು ಯಕ್ಕಾ” ಅಂದುಬಿಟ್ಟರು.

ಅವ್ವ ನಮ್ಮ ಪಟ್ಟಿಯನ್ನು ನೋಡಿದಳು, ಅದು ದಿನವೂ ನಿಲ್ಲುತ್ತಿದ್ದ ಬಸಣ್ಣನ ತಲೆಯನ್ನು ನೋಡಿದಳು. ಆಮೇಲೆ ಬಾಗಿ, ಕಟ್ಟೆಯ ಹಿಂಬದಿ ಗರಸು ಬೀಳದೆ ಉಳಿದ ಹಳೆಯ ನೆಲದಿಂದ ಕಲ್ಲಿನ ಬುಡದವರೆಗೆ, ಹೆಬ್ಬೆರಳಿನಿಂದ ಕಿರುಬೆರಳಿಗೆ ಕೈ ಚಾಚಿ ಇಟ್ಟಳು. ಸರಿಯಾಗಿ ಒಂದು ಗೇಣು. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

“ನಾ ಎತ್ತಿದ್ದಕ್ಕ ಅಲ್ರೀ ಸಾರ್?”

“ಎತ್ತಿದ್ದು ನೀವವ್ವಾ. ನೋಡದ ಓದಿದ್ದು ನಾನು. ತಪ್ಪು ಓದಿದವಂದು.”

“ಇಳಿಸಿಬಿಡ್ಲೇನ್ರಿ ದ್ಯಾವರನ್ನ?”

ಅದುವರೆಗೆ ನನ್ನನ್ನು ಯಾರೂ ಅಷ್ಟು ಮೆಲ್ಲಗೆ ಏನನ್ನೂ ಕೇಳಿರಲಿಲ್ಲ.

“ಬ್ಯಾಡವ್ವಾ. ಕುಂತಲ್ಲೇ ಕುಂದರ್ಲಿ. ನಂಬರ್ ನಾನು ತಿದ್ದತೀನಿ.”

ಅಣ್ಣ ಬಣ್ಣದ ಡಬ್ಬಿ ತಂದರು. ಅಷ್ಟು ದಿನ ನಾನು ದೂರದಲ್ಲಿ ಯಂತ್ರದ ಹಿಂದೆ ಬೂಟು ಹಾಕಿಕೊಂಡು ನಿಂತವನು, ಕಟ್ಟೆ ಹತ್ತಿರಲಿಲ್ಲ. ಬೂಟು ಬಿಚ್ಚಿ ಹತ್ತಿದೆ. ಹಳೆಯ ಲೆವೆಲ್ಲಿಗೆ ಗೀಟು ಹಾಕಿ, 228 ಮಿಲಿಮೀಟರ್ ಕೂಡಿಸಿದ ಹೊಸದನ್ನು ವಿಭೂತಿಯ ಕೆಳಗೆ ಬರೆದೆ. ಡಬ್ಬಿ ಹಿಡಿದುಕೊಂಡು ನಿಂತವಳು ಅವ್ವ.

“ಇನ್ನ ಬಸಣ್ಣ ಸುಳ್ಳು ಹೇಳಂಗಿಲ್ಲಲ್ರೀ?”

“ಆಗ್ಲೂ ಹೇಳಿದ್ದಿಲ್ಲವ್ವಾ.”

ಬಿಸಿಲಿಗೆ ಕಟ್ಟೆ ಕೆಂಡವಾಗಿತ್ತು. ಅಂಗಾಲು ಸುಡುತ್ತಿತ್ತು. ಎರಡು ವಾರದಲ್ಲಿ ನನ್ನ ಮೈಗೆ ತಿಳಿದ ಮೊದಲ ಸಂಗತಿ ಅದು. ಕಣ್ಣಲ್ಲಿ ನೀರು ಬಂತು, ಸುಟ್ಟಿದ್ದಕ್ಕೇ ಇರಬೇಕು. ಬಣ್ಣ ಒಣಗುವವರೆಗೂ ಇಳಿಯಲಿಲ್ಲ.